ಒಡೆದ ಎಂಜಿನೂ ಬಿಚ್ಚಿದ ಕೈಯೂ

ಮೋಟಾರು ಗ್ಯಾರೇಜುಗಳಲ್ಲಿ ಒಂದು ನ್ಯಾಯ ನಡೆದುಬಂದಿದೆ. ಕಡೆಗೆ ಯಾರ ಕೈ ತಾಗಿತೋ ಅವನೇ ಕೆಡಿಸಿದವನು. ಹೋಟೆಲಿನಲ್ಲಿ ಗ್ಲಾಸು ಒಡೆದರೆ ತೊಳೆಯುವ ಹುಡುಗನ ಪಗಾರಕ್ಕೆ ಕತ್ತರಿ ಬೀಳುವುದನ್ನು ಕಂಡು ಬೆಳೆದ ನಮಗೆ ಈ ನ್ಯಾಯ ಹೊಸದಲ್ಲ. ಆದರೆ ಗ್ಲಾಸಿನ ಬೆಲೆ ಎಷ್ಟು, ಎಂಜಿನಿನ ಬೆಲೆ ಎಷ್ಟು! ಅದರಲ್ಲೂ ಟರ್ಬೊ ಹಾಕಿದ ಸ್ಪೋರ್ಟ್ಸ್ ಕಾರಿನ ಎಂಜಿನು ಒಡೆದು, ಅದರ ಖರ್ಚು ಹೆಲ್ಪರ್ ಹುಡುಗನ ತಲೆಗೆ ಬಂದರೆ, ಅವನು ಊರಿಗೆ ಕಾಗದ ಬರೆಯುವುದನ್ನೂ ಬಿಟ್ಟು ಓಡಿಹೋಗಬೇಕಾದೀತು.

ದುಡ್ಡುಳ್ಳವರ ಆಟದ ಕಾರಿನ ಸುದ್ದಿ ನಮ್ಮ ಪತ್ರಿಕೆಗೆ ಏಕೆಂದು ಕೆಲವು ವಾಚಕರು ಕೇಳಬಹುದು. ಕಾರು ಅವರದು, ಅದರ ಹೊಟ್ಟೆಯೊಳಗೆ ಕೈ ಹಾಕುವವರು ನಮ್ಮವರು. ಹೋಟೆಲಿನ ಕೆಲಸ ಬೇಡವೆಂದು ಗ್ಯಾರೇಜು ಸೇರಿದ ಕುಂದಾಪುರ, ಕಾರ್ಕಳ, ಶಿರಸಿ ಕಡೆಯ ಹುಡುಗರು ಈ ಮುಂಬಯಿಯಲ್ಲಿ ಅನೇಕರಿದ್ದಾರೆ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಅಲ್ಲಿ ಫಿಟ್ಟರ್ ಕೆಲಸ ಕಲಿತ ಕೆಲವರು ಲೇತಿನ ಅಂಗಡಿ, ಬೋರಿಂಗ್ ಅಂಗಡಿ ಸೇರಿ ಹೊಟ್ಟೆ ಹೊರೆದರು. ಆದ್ದರಿಂದ ಎಂಜಿನು ಏಕೆ ಒಡೆಯುತ್ತದೆ, ಒಡೆದುದನ್ನು ಹೇಗೆ ಕಟ್ಟಬೇಕು ಎಂಬುದನ್ನು ನಾವು ತಿಳಿದಿರಬೇಕು. ತಿಳಿಯದಿದ್ದರೆ ಯಾರೋ ಬರೆದ ಬಿಲ್ಲನ್ನು ನಾವು ತೀರಿಸುತ್ತೇವೆ.

ಈಚೆಗೆ ನಮ್ಮ ಸಂಘದ ಮುಂದೆ ಬಂದ ಒಂದು ಪ್ರಕರಣವನ್ನೇ ತೆಗೆದುಕೊಳ್ಳೋಣ. ಗ್ಯಾರೇಜಿನ ಹೆಸರೂ ಕಾರಿನ ಹೆಸರೂ ಇಲ್ಲಿ ಬೇಡ. ನಾಲ್ಕು ಸಿಲಿಂಡರಿನ, 1800 ಸಿಸಿಯ ಟರ್ಬೊ ಪೆಟ್ರೋಲ್ ಎಂಜಿನು. ಗಿರಾಕಿ ಬೇರೆಲ್ಲೋ ಕಾರಿನ ಕಂಪ್ಯೂಟರಿನ ಲೆಕ್ಕ ಬದಲಾಯಿಸಿ ಬೂಸ್ಟು ಏರಿಸಿಕೊಂಡಿದ್ದ. ಆಮೇಲೆ ನಮ್ಮ ಹುಡುಗನಿದ್ದ ಗ್ಯಾರೇಜಿಗೆ ಆಯಿಲ್ ಬದಲಾಯಿಸಲು, ಪ್ಲಗ್ಗು ಹಾಕಿಸಲು ತಂದ. ವಾರ ಕಳೆದು ಮೇ ತಿಂಗಳ ಮಧ್ಯಾಹ್ನ ಪುಣೆಯ ದಾರಿಯಲ್ಲಿ ಖಂಡಾಲಾ ಘಾಟಿ ಏರುವಾಗ ಹಿಂದಿನಿಂದ ನೀಲಿ ಹೊಗೆ, ಎಂಜಿನಿನ ತ್ರಾಣ ಹೋಯಿತು. ಕಾರು ಟೋ ಆಗಿ ಬಂತು. "ನೀನೇ ಅಲ್ಲವೋ ಪ್ಲಗ್ಗು ಹಾಕಿದ್ದು?" ಎಂದು ಶೇಟರು ಹುಡುಗನನ್ನು ಹಿಡಿದರು. ತಿಂಗಳಿಗೆ ಎರಡು ಸಾವಿರದಂತೆ ಪಗಾರದಲ್ಲಿ ಹಿಡಿಯುವುದೆಂದು ತೀರ್ಮಾನವೂ ಆಯಿತು. ಹುಡುಗ ನಮ್ಮಲ್ಲಿಗೆ ಬಂದು, "ಪ್ಲಗ್ ಹಾಕದ್ದ್ ನಾನೇ ಹೌದ್ ಅಣ್ಣ, ಆರೆ ಎಂಜಿನ್ ಒಡ್ದದ್ ನಾನಲ್ಲ" ಎಂದ. ಹೌದೋ ಅಲ್ಲವೋ ಎಂಬುದನ್ನು ಬಾಯಿಮಾತಿನಿಂದ ತೀರಿಸುವಂತಿಲ್ಲ. ಎಂಜಿನು ಬಿಚ್ಚುವ ದಿನ ಗಿರಣಿಯಲ್ಲಿ ಫಿಟ್ಟರಾಗಿದ್ದ ನಮ್ಮ ಹಿರಿಯರೊಬ್ಬರನ್ನು ಕರೆದುಕೊಂಡು ನಾವೂ ಹೋಗಿ ನಿಂತೆವು. ಶೇಟರು ಬೇಡವೆನ್ನಲಿಲ್ಲ, ಅವರಿಗೂ ಗಿರಾಕಿಗೆ ಉತ್ತರ ಹೇಳಬೇಕಿತ್ತು.

ಟರ್ಬೊ ಎಂದರೇನೆಂಬುದನ್ನು ಹೋಟೆಲಿನವರಿಗೆ ತಿಳಿಸುವುದು ಕಷ್ಟವಲ್ಲ. ನಮ್ಮ ಭಟ್ಟಿಗೆ ಬ್ಲೋವರ್ ಇಟ್ಟರೆ ಅದೇ ಇದ್ದಲು ಹೆಚ್ಚು ಉರಿಯುತ್ತದೆ. ಗಾಳಿ ಹೆಚ್ಚು ಹೋದಷ್ಟು ಉರುವಲು ಹೆಚ್ಚು ಸುಡಬಹುದು, ಶಾಖ ಹೆಚ್ಚು. ಟರ್ಬೊ ಎಂಜಿನಿನ ಬ್ಲೋವರ್. ಆದರೆ ಅದನ್ನು ತಿರುಗಿಸಲು ಬೇರೆ ಮೋಟಾರಿಲ್ಲ. ಸೈಲೆನ್ಸರಿನ ಕಡೆಗೆ ಹೋಗುವ ಸುಟ್ಟ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಬಿಸಾಡುವ ಹೊಗೆಯಿಂದ ಕೆಲಸ ತೆಗೆಯುವ ಈ ಉಪಾಯಕ್ಕೆ ಸ್ವಿಟ್ಸರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಪೇಟೆಂಟು ಪಡೆದಿದ್ದರು. ಗಿರಣಿಯ ಬಂಧುಗಳಿಗೆ ಇನ್ನೊಂದು ಲೆಕ್ಕ: ರಿಂಗ್ ಫ್ರೇಮಿನ ಸ್ಪಿಂಡಲ್ ನಿಮಿಷಕ್ಕೆ ಹದಿನೈದು, ಇಪ್ಪತ್ತು ಸಾವಿರ ಸುತ್ತು ಸುತ್ತಿದರೆ ನಾವು ಬೆರಗಾಗುತ್ತೇವೆ. ಸಣ್ಣ ಟರ್ಬೊದ ದಂಡು ಲಕ್ಷ ಸುತ್ತನ್ನು ಸುಲಭವಾಗಿ ದಾಟುತ್ತದೆ. ಅದರ ಒಂದು ತುದಿಗೆ ತಾಗುವ ಹೊಗೆಯ ಬಿಸಿ 900 ಡಿಗ್ರಿಗೂ ಮೇಲೆ. ನಡುವೆ ಆ ದಂಡನ್ನು ಹೊತ್ತಿರುವುದು ತೆಳುವಾದ ಒಂದು ಎಣ್ಣೆಯ ಪೊರೆ, ಅಷ್ಟೇ.

ಈಗ ಬೂಸ್ಟು ಏರಿಸುವುದೆಂದರೆ ಏನು, ನೋಡೋಣ. ಆ ಕಾರಿನ ಟರ್ಬೊ ಮೊದಲು ಹೊರಗಿನ ಗಾಳಿಗಿಂತ 0.7 ಬಾರ್ ಹೆಚ್ಚು ಒತ್ತಡ ಕೊಡುತ್ತಿತ್ತು. ಹೊರಗಿನ ಗಾಳಿಯದೇ ಒಂದು ಬಾರ್ ಇದೆಯಾದ್ದರಿಂದ ಒಟ್ಟು 1.7. ಏರಿಸಿದ ಮೇಲೆ 1.2, ಒಟ್ಟು 2.2. ಅಂದರೆ ಎಂಜಿನಿನ ಒಳಗೆ ನೂರಕ್ಕೆ ಮೂವತ್ತರಷ್ಟು ಹೆಚ್ಚು ಗಾಳಿ ತುಂಬಲು ಹೊರಟಂತಾಯಿತು. ಪಿಸ್ಟನ್ ಅದೇ, ರಾಡು ಅದೇ, ಪೆಟ್ರೋಲ್ ಪಂಪು ಅದೇ, ರೇಡಿಯೇಟರ್ ಅದೇ. ನಾಲ್ಕು ಜನರ ಅಡಿಗೆಮನೆಯಲ್ಲಿ ಆಳು ಹೆಚ್ಚಿಸದೆ ಐದನೆಯ ಪಂಕ್ತಿ ಕೂರಿಸಿದಂತೆ ಇದು. ಎರಡು ದಿನ ನಡೆದೀತು.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲಿಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಬೆಚ್ಚಗಾಗುವುದು ಗೊತ್ತು. ಮೇ ತಿಂಗಳ 35 ಡಿಗ್ರಿಯ ಗಾಳಿಯನ್ನು ಟರ್ಬೊ ಎರಡು ಪಟ್ಟಿಗಿಂತ ಹೆಚ್ಚಾಗಿ ಒತ್ತಿದರೆ ಅದು 140 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಎಂಬ ಜಾಲರಿ ಇದೆ. ಹಳೆಯ ಒತ್ತಡಕ್ಕೆಂದು ಮಾಡಿದ ಸಣ್ಣ ಜಾಲರಿ ಘಾಟಿಯ ಏರಿನಲ್ಲಿ ತಾನೇ ಕಾದು ಕೂರುತ್ತದೆ. ಹೀಗೆ ಕಾದ ಗಾಳಿಯೂ ಪೆಟ್ರೋಲೂ ಸಿಲಿಂಡರಿನಲ್ಲಿ ಸೇರಿದಾಗ, ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ಮೆಲ್ಲನೆ ಹಬ್ಬುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತನ್ನಷ್ಟಕ್ಕೆ ತಾನೇ ಢಂ ಎಂದು ಹೊತ್ತಿಕೊಳ್ಳುತ್ತದೆ. ಇದನ್ನೇ ಗ್ಯಾರೇಜಿನವರು ನಾಕಿಂಗು ಎನ್ನುತ್ತಾರೆ. ಪಿಸ್ಟನ್ನಿನ ತಲೆಗೆ ಸುತ್ತಿಗೆಯಿಂದ ಬಡಿದಂತೆ. ಒಂದೆರಡು ಪೆಟ್ಟಿಗೆ ಏನೂ ಆಗದು. ಸೆಕೆಂಡಿಗೆ ಹತ್ತಾರು ಪೆಟ್ಟು ಬಿದ್ದರೆ ಎರಕದ ಪಿಸ್ಟನ್ನಿನಲ್ಲಿ ರಿಂಗು ಕೂರುವ ತೋಡುಗಳ ನಡುವಿನ ಸಣ್ಣ ದಂಡೆ ಮುರಿಯುತ್ತದೆ. ಆಮೇಲೆ ಒತ್ತಡ ಕೆಳಗಿನ ಸಂಪಿಗೆ, ಸಂಪಿನ ಎಣ್ಣೆ ಮೇಲಿನ ಬೆಂಕಿಗೆ. ನೀಲಿ ಹೊಗೆ ಅಲ್ಲಿಂದ.

ನಮ್ಮ ಹಿರಿಯರು ಎಂಜಿನು ಬಿಚ್ಚಲು ಅವಸರ ಪಡಲಿಲ್ಲ. ಮೊದಲು ನಾಲ್ಕೂ ಪ್ಲಗ್ಗುಗಳನ್ನು ತೆಗೆಸಿ, ಯಾವುದು ಯಾವ ಸಿಲಿಂಡರಿನದೆಂದು ಸಾಲಾಗಿ ಕಾಗದದ ಮೇಲೆ ಇಡಿಸಿದರು. ಮೂರನೆಯದರ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳಿದ್ದವು. ಅದು ಅಲ್ಯೂಮಿನಿಯಂ, ಪಿಸ್ಟನ್ನಿನಿಂದ ಕರಗಿ ಹಾರಿದ್ದು. ಪ್ಲಗ್ಗಿನ ನಂಬರು ಕಾರಿನ ಪುಸ್ತಕದಲ್ಲಿದ್ದ ನಂಬರೇ. ನಮ್ಮ ಹುಡುಗ ಖಾಲಿ ಪೆಟ್ಟಿಗೆಗಳನ್ನು ಎತ್ತಿಟ್ಟುಕೊಂಡಿದ್ದ, ಪುಣ್ಯ. ಕಂಪ್ರೆಷನ್ ಗೇಜು ಇಟ್ಟಾಗ ಮೂರು ಸಿಲಿಂಡರುಗಳಲ್ಲಿ ಹನ್ನೊಂದರ ಆಸುಪಾಸು, ಮೂರನೆಯದರಲ್ಲಿ ನಾಲ್ಕು. ಆ ಸಿಲಿಂಡರಿಗೆ ಹೊರಗಿನಿಂದ ಗಾಳಿ ತುಂಬಿ, ಆಯಿಲ್ ಹಾಕುವ ಮುಚ್ಚಳ ತೆಗೆದು ಕಿವಿಯಿಟ್ಟರೆ ಬುಸ್ಸೆಂದು ಸದ್ದು. ವಾಲ್ವು ಸರಿ, ರಿಂಗಿನ ಕಡೆ ದಾರಿ ಬಿದ್ದಿದೆ ಎಂದು ಹೆಡ್ಡು ತೆಗೆಯುವ ಮೊದಲೇ ತಿಳಿಯಿತು. ಇಷ್ಟಕ್ಕೂ ಹಿಡಿದದ್ದು ಒಂದು ಗಂಟೆ. ಈ ಒಂದು ಗಂಟೆಯ ಕೆಲಸ ಮಾಡದೆ ಪಾನಾ ಹಿಡಿದು ನುಗ್ಗುವ ಮಿಸ್ತ್ರಿಗಳೇ ಹೆಚ್ಚು. ಬಿಚ್ಚಿದ ಮೇಲೆ ಸಾಕ್ಷಿಯೆಲ್ಲ ಸೀಮೆಎಣ್ಣೆಯ ತಟ್ಟೆಯಲ್ಲಿ ತೊಳೆದುಹೋಗುತ್ತದೆ.

ಬಿಚ್ಚಿದ ನಂತರ ಕಂಡದ್ದು: ಮೂರನೆಯ ಪಿಸ್ಟನ್ನಿನ ದಂಡೆ ಮುರಿದಿತ್ತು, ನಾಲ್ಕನೆಯದರಲ್ಲಿ ಕೂದಲೆಳೆಯ ಬಿರುಕು. ಮೂರನೆಯ ಪಿಸ್ಟನ್ನು ಪೂರಾ ಮೇಲೆ ಬಂದಾಗಲೂ ಉಳಿದವುಗಳಿಗಿಂತ 0.4 ಮಿಲಿಮೀಟರು ಕೆಳಗೇ ನಿಲ್ಲುತ್ತಿತ್ತು. ರಾಡು ಬಗ್ಗಿದೆ ಎಂದರ್ಥ. ರಾಡಿನ ಬೇರಿಂಗುಗಳಲ್ಲಿ ಮೇಲಿನ ಬೂದು ಪದರ ಸವೆದು ತಾಮ್ರದ ಬಣ್ಣ ಇಣುಕುತ್ತಿತ್ತು. ಪ್ಲಗ್ಗು ಬಿಗಿದ ಕೈಯಿಂದ ಇದಾವುದೂ ಆಗಲಾರದು. ಶೇಟರೇ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗಿರಾಕಿ ಮಾತ್ರ, "ಒಂದು ಪಿಸ್ಟನ್ ತಾನೆ, ಅದೊಂದನ್ನೇ ಹಾಕಿ, ಬೂಸ್ಟು ಇನ್ನೂ ಸ್ವಲ್ಪ ಏರಿಸಿ ಕೊಡಿ" ಎಂದ.

ಈ ಮಾತಿಗೇ ನಮ್ಮ ವಿರೋಧ. ಒಡೆದ ಭಾಗವನ್ನು ಬದಲಾಯಿಸುವುದು ದುರಸ್ತಿಯಲ್ಲ. ಒಡೆದ ಕಾರಣವನ್ನು ಒಳಗೇ ಬಿಟ್ಟು ಮುಚ್ಚಿದರೆ ಎರಡನೆಯ ಸಲ ಒಡೆಯುವುದು ಖಂಡಿತ, ಆ ಸಲವೂ ಕಡೆಗೆ ಮುಟ್ಟಿದ ಕೈ ನಮ್ಮ ಹುಡುಗನದೇ ಆಗಿರುತ್ತದೆ.

ಇದು ಬರೀ ಮುಂಬಯಿಯ ಗ್ಯಾರೇಜಿನ ರೋಗವೂ ಅಲ್ಲ. ಅಮೆರಿಕದಲ್ಲಿ 1962ರಲ್ಲಿ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಹೊರತಂದಿತು. ಮೂರೂವರೆ ಲೀಟರಿನ ಅಲ್ಯೂಮಿನಿಯಂ ಎಂಜಿನು, 215 ಅಶ್ವಶಕ್ತಿ. ಟರ್ಬೊ ಹಾಕಿದರೂ ಎಂಜಿನಿನ ಕಂಪ್ರೆಷನನ್ನು ಇಳಿಸದೆ ಒಂದಕ್ಕೆ 10.25ರಷ್ಟು ಎತ್ತರದಲ್ಲೇ ಇಟ್ಟರು. ನಾಕಿಂಗು ಆಗದಿರಲು ನೀರೂ ಮೆಥನಾಲೂ ಬೆರೆಸಿದ ದ್ರವವನ್ನು ಬೇರೊಂದು ಸೀಸೆಯಿಂದ ಒಳಗೆ ಸಿಂಪಡಿಸುವ ಏರ್ಪಾಟು ಮಾಡಿದರು. ಸೀಸೆ ಬರಿದಾದರೆ ಟರ್ಬೊ ಒತ್ತಡವನ್ನು ಕಡಿತ ಮಾಡುವ ವಾಲ್ವೂ ಇತ್ತು. ಆದರೆ ಜನ ಸೀಸೆ ತುಂಬಲು ಮರೆತರು, ಕಾರಿಗೆ ತ್ರಾಣವಿಲ್ಲವೆಂದು ದೂರಿದರು. 1963ಕ್ಕೆ ಆ ಕಾರಿನ ತಯಾರಿ ನಿಂತಿತು. ಆಮೇಲೆ ಅನೇಕ ಕಾರುಗಳ ಟರ್ಬೊ ಕಿತ್ತು ಸಾಧಾರಣ ಕಾರ್ಬುರೇಟರ್ ಹಾಕಿಕೊಟ್ಟರು. ಮಾಲಿಕರ ಅಜಾಗ್ರತೆ ಎಂದು ಹೇಳಿ ಮುಗಿಸಿದವರುಂಟು. ನಮ್ಮ ಅಭಿಪ್ರಾಯದಲ್ಲಿ, ಸೀಸೆಯ ನೀರಿನ ಮೇಲೆ ನಿಲ್ಲಬೇಕಾದ ಬಲ ಬಲವಲ್ಲ.

ಅದೇ ಜರ್ಮನಿಯ ಪೋರ್ಷೆ ಕಾರಖಾನೆಯವರನ್ನು ನೋಡಿ. 1974ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ 911 ಟರ್ಬೊ ತೋರಿಸಿದಾಗ ಅದು ಮೂರು ಲೀಟರಿನ ಎಂಜಿನು, 260 ಅಶ್ವಶಕ್ತಿ. ಕಂಪ್ರೆಷನನ್ನು 6.5ಕ್ಕೆ ಇಳಿಸಿದ್ದರು. ಹೊರೆ ತಾಳುವ ಅಗಲವಾದ ಹಲ್ಲುಗಳಿಗೆ ಜಾಗ ಬೇಕೆಂದು ಗೇರುಬಾಕ್ಸಿನಲ್ಲಿ ನಾಲ್ಕೇ ಗೇರು ಇಟ್ಟಿದ್ದರು. 1978ರ ಮಾದರಿಗೆ ಬಲವನ್ನು 300ಕ್ಕೆ ಏರಿಸುವಾಗ ಬೂಸ್ಟು ತಿರುಪಿ ಕೈಬಿಡಲಿಲ್ಲ. ಎಂಜಿನನ್ನು 3.3 ಲೀಟರಿಗೆ ಹಿಗ್ಗಿಸಿದರು, ಇಂಟರ್‌ಕೂಲರ್ ಕೂರಿಸಿದರು, ಬ್ರೇಕನ್ನೂ ದೊಡ್ಡದು ಮಾಡಿದರು. ನಾಲ್ಕು ವರ್ಷ ತೆಗೆದುಕೊಂಡು ಮಾಡಿದ ಈ ಕೆಲಸವನ್ನು ನಮ್ಮ ಗಿರಾಕಿಗಳು ಲ್ಯಾಪ್‌ಟಾಪು ಹಿಡಿದ ಒಬ್ಬನಿಂದ ಅರ್ಧ ಗಂಟೆಯಲ್ಲಿ ಮಾಡಿಸಿಕೊಳ್ಳಲು ಬಯಸುತ್ತಾರೆ. ಲ್ಯಾಪ್‌ಟಾಪಿನವನು ತಪ್ಪಿತಸ್ಥನೆಂದು ನಾವೆನ್ನುವುದಿಲ್ಲ, ಅವನ ಕೆಲಸವೂ ವಿದ್ಯೆಯೇ. ಆದರೆ ಅದು ಕಡೆಯಲ್ಲಿ ಬರಬೇಕಾದ ವಿದ್ಯೆ.

ಹಾಗಾದರೆ ಮೊದಲು ಬರಬೇಕಾದುದು ಯಾವುದು? ತೊಳೆಯುವುದು. ಕೇಳಿದರೆ ನಗು ಬಂದೀತು, ಹೋಟೆಲಿನಲ್ಲೂ ಗ್ಯಾರೇಜಿನಲ್ಲೂ ಇದು ಎಲ್ಲರಿಗಿಂತ ಕೆಳಗಿನ ಹುಡುಗನ ಪಾಲಿನ ಕೆಲಸ. ಪಿಸ್ಟನ್ ಮುರಿದ ಎಂಜಿನಿನಲ್ಲಿ ಅಲ್ಯೂಮಿನಿಯಂ ಚೂರುಗಳು ಎಣ್ಣೆಯ ಜೊತೆ ಎಲ್ಲೆಲ್ಲೂ ತಿರುಗಿರುತ್ತವೆ. ಕ್ರ್ಯಾಂಕಿನೊಳಗಿನ ಎಣ್ಣೆಯ ತೂತುಗಳಲ್ಲಿ, ಆಯಿಲ್ ಕೂಲರಿನಲ್ಲಿ, ಸಂಪಿನ ತಳದ ಜಾಲರಿಯಲ್ಲಿ, ಟರ್ಬೊಗೆ ಎಣ್ಣೆ ಹೋಗುವ ಕಿರಿದಾದ ಕೊಳವೆಯಲ್ಲಿ. ಆಯಿಲ್ ಕೂಲರಿನ ಒಳಮಡಿಕೆಗಳನ್ನು ಪೂರಾ ತೊಳೆದೆವೆಂದು ಯಾರೂ ಎದೆ ತಟ್ಟಿ ಹೇಳಲಾರರು. ಹೊಸದು ಹಾಕುವುದೇ ಮೇಲು. ಟರ್ಬೊದ ಎಣ್ಣೆಯ ಕೊಳವೆಯಂತೂ ಒಳಗೆ ಸೀದು ಕರಿ ಕಟ್ಟಿರುತ್ತದೆ, ದೋಸೆಯ ಕಾವಲಿಯ ಅಂಚಿನಂತೆ. ಜೋರಾಗಿ ಓಡಿಸಿ ತಟ್ಟನೆ ಎಂಜಿನು ನಿಲ್ಲಿಸುವವರ ಕಾರುಗಳಲ್ಲಿ ಇದು ಹೆಚ್ಚು. ಎಣ್ಣೆಯ ಓಟ ನಿಂತು, ಕಾದ ದಂಡಿನ ಸುತ್ತ ಉಳಿದ ಎಣ್ಣೆ ಅಲ್ಲೇ ಸೀಯುತ್ತದೆ. ಒಂದೆರಡು ನಿಮಿಷ ಮೆಲ್ಲಗೆ ಓಡಿಸಿ ನಿಲ್ಲಿಸಿದರೆ ಎಷ್ಟೋ ಉಳಿಯುತ್ತಿತ್ತು. ಲಕ್ಷಗಟ್ಟಲೆ ಸುರಿದು ಕಟ್ಟಿದ ಎಂಜಿನು ಹಳೆಯ ಒಂದು ಚೂರಿನಿಂದ ನೂರು ಕಿಲೋಮೀಟರಿನೊಳಗೆ ಮತ್ತೆ ಹೋಗುವುದುಂಟು. ಆದ್ದರಿಂದ ತೊಳೆಯುವ ಹುಡುಗನಿಗೆ ಅವಸರ ಮಾಡುವ ಶೇಟರು ತಮ್ಮ ಗಲ್ಲಾಪೆಟ್ಟಿಗೆಗೇ ಬೆಂಕಿ ಇಡುತ್ತಾರೆ.

ಎರಡನೆಯದು ಅಳತೆ. ಇಲ್ಲಿ ಗಿರಣಿಯ ಫಿಟ್ಟರುಗಳ ಕೈ ಕಾಣಬೇಕು. ಬೋರು ಮೇಲೆ, ನಡುವೆ, ಕೆಳಗೆ ಎಷ್ಟೆಷ್ಟು. ಉದ್ದಕ್ಕೂ ಅಡ್ಡಕ್ಕೂ ಎಷ್ಟೆಷ್ಟು ಎಂದು ಗೇಜು ಹಾಕಿ ನೋಡಿ ಬರೆಯಬೇಕು. ಆ ಎಂಜಿನಿನಲ್ಲಿ ಮೂರನೆಯ ಬೋರು ಗೀರಿತ್ತು. ನಾಲ್ಕನ್ನೂ ಅರ್ಧ ಮಿಲಿಮೀಟರು ದೊಡ್ಡದು ಮಾಡುವುದೆಂದಾಯಿತು. ಬೋರಿಂಗ್ ಅಂಗಡಿಯಲ್ಲಿ ಹೋನಿಂಗು ಮಾಡುವಾಗ ಬ್ಲಾಕಿನ ಮೇಲೆ ದಪ್ಪ ಉಕ್ಕಿನ ತಟ್ಟೆಯೊಂದನ್ನು ಹೆಡ್ಡಿನಷ್ಟೇ ಬಿಗಿಯಾಗಿ ಬೋಲ್ಟಿನಿಂದ ಬಿಗಿದು ಮಾಡುತ್ತಾರೆ. ಹೆಡ್ಡು ಬಿಗಿದಾಗ ಬೋರು ಕೂದಲೆಳೆಯಷ್ಟು ಆಕಾರ ಕೆಡುತ್ತದೆ. ಆ ಕೆಟ್ಟ ಸ್ಥಿತಿಯಲ್ಲೇ ದುಂಡಗೆ ಉಜ್ಜಿದರೆ ಓಡುವಾಗ ದುಂಡಗಿರುತ್ತದೆ ಎಂಬುದು ಯುಕ್ತಿ. ಈ ತಟ್ಟೆ ಇಲ್ಲದ ಅಂಗಡಿಗೆ ಟರ್ಬೊ ಬ್ಲಾಕು ಕೊಡಬಾರದೆಂದು ನಮ್ಮ ಹಿರಿಯರು ಪಟ್ಟು ಹಿಡಿದು, ಕುರ್ಲಾದ ಎರಡು ಅಂಗಡಿ ದಾಟಿ ಮೂರನೆಯದರಲ್ಲಿ ಕೊಡಿಸಿದರು.

ಪಿಸ್ಟನ್ನು ಎರಕದ ಬದಲು ಬಡಿದು ಮಾಡಿದ್ದು, ಫೋರ್ಜ್ಡ್ ಎನ್ನುತ್ತಾರೆ. ಕಮ್ಮಾರನ ಸಾಲೆ ಕಂಡವರಿಗೆ ಎರಡರ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಆದರೆ ಬಲವಾದದ್ದಕ್ಕೂ ತನ್ನದೊಂದು ಸ್ವಭಾವವಿದೆ. ಈ ಪಿಸ್ಟನ್ನು ಕಾದಾಗ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಬೋರಿಗೂ ಅದಕ್ಕೂ ನಡುವೆ ಎರಕದ ಪಿಸ್ಟನ್ನಿಗಿಂತ ಹೆಚ್ಚು ಸಂದು ಬಿಡಬೇಕು, ಅದನ್ನು ತಯಾರಿಸಿದವರು ಕೊಟ್ಟ ಲೆಕ್ಕದಂತೆ. ಬೆಳಿಗ್ಗೆ ತಣ್ಣಗಿರುವಾಗ ಟಕಟಕ ಸದ್ದು ಮಾಡುತ್ತದೆ, ಕಾದ ಮೇಲೆ ಸುಮ್ಮನಾಗುತ್ತದೆ. ಇದನ್ನು ಗಿರಾಕಿಗೆ ಮೊದಲೇ ಹೇಳದಿದ್ದರೆ ಮರುದಿನವೇ "ಎಂಜಿನು ಕೆಡಿಸಿದಿರಿ" ಎಂದು ಬರುತ್ತಾನೆ.

ರಿಂಗಿನ ಬಾಯಿಯ ಮಾತು ಇನ್ನೂ ನಾಜೂಕು. ರಿಂಗು ಪೂರಾ ಬಳೆಯಲ್ಲ, ಒಂದು ಕಡೆ ಸಂದು ಇರುತ್ತದೆ. ಹೊಸ ರಿಂಗನ್ನು ಬೋರಿನಲ್ಲಿ ಸಮವಾಗಿ ಕೂರಿಸಿ ಆ ಸಂದಿಗೆ ಫೀಲರ್ ಗೇಜು ಹಾಕಿ ನೋಡಬೇಕು. ಟರ್ಬೊ ಎಂಜಿನಿಗೆ ಬೋರಿನ ಪ್ರತಿ ಇಂಚಿಗೆ ಒಂದು ಸಾವಿರದ ನಾಲ್ಕೂವರೆಯಿಂದ ಆರು ಪಾಲಿನವರೆಗೆ ಸಂದು ಬೇಕೆನ್ನುತ್ತಾರೆ. 81 ಮಿಲಿಮೀಟರಿನ ಬೋರಿಗೆ ಸುಮಾರು 0.36ರಿಂದ 0.48 ಮಿಲಿಮೀಟರು. ಸಂದು ಕಡಿಮೆಯಿದ್ದರೆ ಒತ್ತಡ ಸೋರುವುದಿಲ್ಲ, ಒಳ್ಳೆಯದೆಂದು ಹೊಸ ಮಿಸ್ತ್ರಿ ಎಣಿಸುತ್ತಾನೆ. ಆದರೆ ಘಾಟಿಯಲ್ಲಿ ರಿಂಗು ಕಾದು ಹಿಗ್ಗಿ ಎರಡು ತುದಿಗಳೂ ಒಂದಕ್ಕೊಂದು ಢೀ ಕೊಟ್ಟರೆ, ಹೋಗಲು ಜಾಗವಿಲ್ಲದೆ ಬೋರಿಗೆ ಕಚ್ಚಿಕೊಂಡು, ಪಿಸ್ಟನ್ನಿನ ದಂಡೆಯನ್ನೇ ಮುರಿಯುತ್ತದೆ. ಹೊಸ ಪಿಸ್ಟನ್ನೂ ಹಳೆಯ ಪಿಸ್ಟನ್ನಿನ ದಾರಿಯನ್ನೇ ಹಿಡಿಯುತ್ತದೆ. ಸಂದು ಕಡಿಮೆಯಿದ್ದ ಪ್ರತಿಯೊಂದು ರಿಂಗನ್ನೂ ಸಣ್ಣ ಅರದಿಂದ ಉಜ್ಜಿ, ಮತ್ತೆ ಅಳೆದು, ಮತ್ತೆ ಉಜ್ಜಿ ನಮ್ಮ ಹುಡುಗ ಒಂದಿಡೀ ಸಂಜೆ ಕಳೆದ. ಹಿರಿಯರು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಾ, "ಇನ್ನೊಂದು ಸಲ ನೋಡು ಮಗಾ" ಎನ್ನುತ್ತಿದ್ದರು. ಆ ಸಂಜೆಯ ಕೆಲಸ ಬಿಲ್ಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ.

ರಾಡು, ರಾಡಿನ ಬೋಲ್ಟು, ಪದರ ಪದರದ ಉಕ್ಕಿನ ಹೆಡ್ ಗ್ಯಾಸ್ಕೆಟು, ಬೇರಿಂಗುಗಳು ಎಲ್ಲ ಹೊಸವು ಬಂದವು. ಬೇರಿಂಗಿನ ಮುಚ್ಚಳಗಳ ಮೇಲೆ ನಂಬರಿರುತ್ತದೆ, ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು, ತಿರುಗುಮುರುಗಾಗಬಾರದು. ಇದನ್ನೆಲ್ಲ ಇಲ್ಲಿ ಪೂರಾ ಬರೆಯಹೊರಟರೆ ಪತ್ರಿಕೆ ಸಾಲದು.

ಮೂರನೆಯದು ಉರುವಲು. ಮಾಮೂಲಿ ಓಟದಲ್ಲಿ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಪೂರಾ ಬೂಸ್ಟಿನಲ್ಲಿ ಟರ್ಬೊ ಎಂಜಿನಿಗೆ ಸುಮಾರು ಹನ್ನೊಂದೂವರೆ, ಹನ್ನೆರಡಕ್ಕೆ ಇಳಿಸಿ ಹೆಚ್ಚು ಪೆಟ್ರೋಲು ಕೊಡುತ್ತಾರೆ. ಹೆಚ್ಚಿನ ಪೆಟ್ರೋಲು ಒಳಗಿನ ಬಿಸಿಯನ್ನು ತಣಿಸುತ್ತದೆ. ಗಾಳಿ ಮೂವತ್ತು ಪಾಲು ಏರಿ ಪೆಟ್ರೋಲ್ ಪಂಪು ಹಳೆಯದೇ ಉಳಿದರೆ ಆ ಲೆಕ್ಕ ತಪ್ಪುತ್ತದೆ. ಅದಲ್ಲದೆ, 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಗಿದೆ. ಎಥೆನಾಲಿಗೆ ನಾಕಿಂಗನ್ನು ತಡೆಯುವ ಗುಣ ಉಂಟು, ಅದನ್ನು ಮೆಚ್ಚಬೇಕು. ಆದರೆ ಅಷ್ಟೇ ಗಾಳಿಗೆ ಈ ಮಿಶ್ರಣ ಹೆಚ್ಚು ಬೇಕು, 14.7ರ ಜಾಗದಲ್ಲಿ ಸುಮಾರು ಹದಿಮೂರೂವರೆ. ಬರೀ ಪೆಟ್ರೋಲಿನ ಲೆಕ್ಕದಲ್ಲಿ ಬರೆದ ಹಳೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿಟ್ಟು ಬೂಸ್ಟು ಏರಿಸುವವರು ಇದನ್ನು ಕೇಳಿಕೊಳ್ಳಬೇಕು. ದೊಡ್ಡ ಇಂಟರ್‌ಕೂಲರೂ ದೊಡ್ಡ ಪಂಪೂ ಬಂದ ಮೇಲೆ, ಹೊಸ ರಿಂಗುಗಳು ಬೋರಿಗೆ ಹೊಂದಿಕೊಳ್ಳಲು ಸಾವಿರ ಕಿಲೋಮೀಟರು ಕಡಿಮೆ ಒತ್ತಡದಲ್ಲಿ ಓಡಿಸಿ, ನಡುವೆ ಎಣ್ಣೆ ಬದಲಾಯಿಸಿ, ಫಿಲ್ಟರನ್ನು ಕತ್ತರಿಸಿ ಲೋಹದ ಪುಡಿ ಇದೆಯೇ ಎಂದು ನೋಡಿದ ಮೇಲೆ, ಕಡೆಯಲ್ಲಿ ಬರಬೇಕು ಲ್ಯಾಪ್‌ಟಾಪಿನವನು.

ಗಿರಾಕಿಗಳು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಖರ್ಚಾಗುವುದು ಸದ್ದಿಗೆ: ದಪ್ಪ ಸೈಲೆನ್ಸರು, ಗೇರು ಬದಲಿಸುವಾಗ ಟುಸ್ಸೆನ್ನುವ ವಾಲ್ವು. ಪ್ರೆಶರ್ ಕುಕ್ಕರು ಮನೆಯಲ್ಲಿ ಪುಕ್ಕಟೆ ಮಾಡುವ ಸದ್ದಿಗೆ ಇವರು ಸಾವಿರಗಟ್ಟಲೆ ಕೊಡುತ್ತಾರೆ! ಆಮೇಲೆ ಬೂಸ್ಟು. ಎಣ್ಣೆ, ತಂಪು, ಅಳತೆಯ ಸರದಿ ಬರುವುದು ಒಡೆದ ಮೇಲೆ. ಒಡೆದ ಎಂಜಿನನ್ನು ಬಿಸಾಡಿ ಚೋರ್ ಬಜಾರಿನಿಂದಲೋ ಬೇರೆಲ್ಲಿಂದಲೋ ಹಳೆಯ ಎಂಜಿನೊಂದನ್ನು ತಂದು ಕೂರಿಸುವುದೇ ಅಗ್ಗ ಎನ್ನುವವರೂ ಇದ್ದಾರೆ. ಕೆಲವೊಮ್ಮೆ ಅದು ನಿಜ. ಬ್ಲಾಕೇ ಬಿರಿದಿದ್ದರೆ ಬೇರೆ ದಾರಿಯಿಲ್ಲ. ಆದರೆ ತಂದ ಎಂಜಿನನ್ನೂ ಬಿಚ್ಚಿ ಅಳೆಯದೆ ಕೂರಿಸಿದರೆ ಇನ್ನೊಬ್ಬನ ರೋಗವನ್ನು ಕೊಂಡು ತಂದಂತೆ.

ಇನ್ನು ಹುಡುಗನ ಪಗಾರದ ಮಾತು. ನಷ್ಟವಾಯಿತೆಂದು ಧನಿ ತನಗೆ ತೋಚಿದಷ್ಟನ್ನು ಹಿಡಿಯಲು ಕಾನೂನಿನಲ್ಲಿ ಎಂದೂ ಅವಕಾಶವಿರಲಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ 2019ರ ವೇತನ ಸಂಹಿತೆಯಲ್ಲೂ ಮಾತು ಒಂದೇ: ನಷ್ಟ ಆ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಹಣ ಆದ ನಷ್ಟವನ್ನು ಮೀರಬಾರದು, ಹಿಡಿಯುವ ಮೊದಲು ಅವನ ಸಮಾಧಾನ ಕೇಳಬೇಕು. ಆದರೆ ಸಮಾಧಾನ ಹೇಳಲು ಹುಡುಗನ ಕೈಯಲ್ಲಿ ಏನಿರುತ್ತದೆ? ಪ್ಲಗ್ಗಿನ ಖಾಲಿ ಪೆಟ್ಟಿಗೆ ಎಲ್ಲರೂ ಎತ್ತಿಡುವುದಿಲ್ಲ.

ಆದ್ದರಿಂದ ಕಾರು ಒಳಗೆ ಬಂದಾಗಲೇ ಬರೆದಿಡುವ ಪದ್ಧತಿ ಬೇಕೆಂದು ನಾವು ಕೇಳುತ್ತೇವೆ. ಗಾಡಿ ಬಂದಾಗ ಎಷ್ಟು ಓಡಿತ್ತು, ಬೂಸ್ಟು ಬದಲಾಗಿದೆಯೇ, ಯಾರು ಬದಲಾಯಿಸಿದರು, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಎಷ್ಟು, ಎಣ್ಣೆಯ ಸ್ಥಿತಿ ಹೇಗೆ, ನಾವು ಮುಟ್ಟಿದ ಭಾಗ ಯಾವುದು. ಕೆಳಗೆ ಗಿರಾಕಿಯ ಸಹಿ, ಶೇಟರ ಸಹಿ, ಕೆಲಸ ಮಾಡಿದವನ ಸಹಿ. ಇದರಿಂದ ಶೇಟರಿಗೂ ನಷ್ಟವಿಲ್ಲ. ಮೇಲೆ ಹೇಳಿದ ಪ್ರಕರಣದಲ್ಲಿ ಇಂಥ ಒಂದು ಹಾಳೆ ಇದ್ದಿದ್ದರೆ ಶೇಟರು ಗಿರಾಕಿಯ ಬಾಯಿಗೆ ಹೆದರಬೇಕಿರಲಿಲ್ಲ, ಹುಡುಗನ ಮೇಲೆ ಹಾಯಬೇಕಿರಲಿಲ್ಲ. ಕೆಲಸ ಹೆಚ್ಚಾಗುತ್ತದೆ, ಗಿರಾಕಿ ಓಡಿಹೋಗುತ್ತಾನೆ ಎನ್ನುವ ಶೇಟರುಗಳೂ ಇದ್ದಾರೆ. ಸಹಿ ಮಾಡಲು ಹೆದರುವ ಗಿರಾಕಿ ಓಡಿಹೋದರೆ ಒಳ್ಳೆಯದೇ ಆಯಿತು.

ಆ ಕಾರು ಈಗ ಮೂರು ಸಾವಿರ ಕಿಲೋಮೀಟರು ಓಡಿದೆ. ಗಿರಾಕಿ ಕಡೆಗೂ ಒಪ್ಪಿ ಬೂಸ್ಟನ್ನು 1.0ಕ್ಕೆ ನಿಲ್ಲಿಸಿಕೊಂಡಿದ್ದಾನೆ, ಖಂಡಾಲಾ ಘಾಟಿಯನ್ನು ಎರಡು ಸಲ ಏರಿ ಬಂದಿದ್ದಾನಂತೆ. ಹುಡುಗನಿಂದ ಮೊದಲ ತಿಂಗಳು ಹಿಡಿದ ಎರಡು ಸಾವಿರವನ್ನು ಶೇಟರು ಹಿಂದೆ ಕೊಟ್ಟಿದ್ದಾರೆ. ರಿಂಗು ಉಜ್ಜಿದ ಸಂಜೆಯ ಓವರ್‌ಟೈಮು ಇನ್ನೂ ಬಂದಿಲ್ಲ, ಅದರ ಮಾತುಕತೆ ನಡೆದಿದೆ.

ಗಾಡಿಯ ಸ್ಥಿತಿ ಬರೆಯುವ ಫಾರ್ಮನ್ನು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಅಚ್ಚು ಹಾಕಿಸಿದ್ದೇವೆ. ಸಂಘದ ಕಚೇರಿಯಲ್ಲಿ ಬಿಟ್ಟಿ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರ ತನಕ ನಮ್ಮ ಹಿರಿಯರು ಅಲ್ಲೇ ಮೈಕ್ರೋಮೀಟರು, ಬೋರ್ ಗೇಜು ಹಿಡಿಯುವುದನ್ನು ಕಲಿಸುತ್ತಾರೆ. ಗ್ಯಾರೇಜಿನ ಹುಡುಗರಲ್ಲದೆ, ಹೋಟೆಲಿನಲ್ಲಿರುವ ಹುಡುಗರೂ ಬರಬಹುದು. ಸದ್ಯಕ್ಕೆ ಮೈಕ್ರೋಮೀಟರು ಎರಡೇ ಇವೆ. ಗಿರಣಿಯಿಂದ ಬಿಡುವಾಗ ತಂದ ಹಳೆಯ ಉಪಕರಣ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ ದಯವಿಟ್ಟು ತಂದುಕೊಡಬೇಕು; ರಶೀದಿ ಕೊಡುತ್ತೇವೆ.